ಬೆಕ್ಕಿನ ಗಾಯವೂ ನಮ್ಮ ಮನೆಮದ್ದಿನ ಡಬ್ಬಿಯೂ



ಕಳೆದ ಕೆಲವು ತಿಂಗಳುಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಮೂವರು, ಬಂಧುಗಳಲ್ಲಿ ಒಬ್ಬರು, ಹೆಚ್ಚುಕಡಿಮೆ ಒಂದೇ ಪ್ರಶ್ನೆಯನ್ನು ನನ್ನ ಮುಂದಿಟ್ಟಿದ್ದಾರೆ. “ಮೇಷ್ಟ್ರೇ, ನಮ್ಮ ಬೆಕ್ಕು ತನ್ನ ಮೈಯನ್ನು ತಾನೇ ಕಚ್ಚಿಕೊಂಡು, ಪರಚಿಕೊಂಡು ಹುಣ್ಣು ಮಾಡಿಕೊಂಡಿದೆ. ಏನು ಹಚ್ಚಬೇಕು?” ನಾನು ಪಶುವೈದ್ಯನಲ್ಲ. ಜೀವಶಾಸ್ತ್ರದ ಪಾಠ ಹೇಳಿದವನು, ಬೆಕ್ಕುಗಳಿರುವ ಮನೆಯಲ್ಲಿ ಬಾಳಿದವನು, ಪಶುವೈದ್ಯ ಮಿತ್ರರು ಹೇಳಿದ್ದನ್ನು ಕಿವಿಗೊಟ್ಟು ಕೇಳಿದವನು, ಅಷ್ಟೇ. ಆದರೂ ಈ ಪ್ರಶ್ನೆಯ ಕುರಿತು ನನಗೊಂದು ದೃಢವಾದ ಅಭಿಪ್ರಾಯವಿದೆ. ಪ್ರಶ್ನೆಯೇ ತಪ್ಪಾಗಿದ್ದರೆ ಉತ್ತರ ಸರಿಯಾಗುವುದು ಸಾಧ್ಯವಿಲ್ಲವೆಂದು ತರಗತಿಯಲ್ಲಿ ಹೇಳುತ್ತಿದ್ದುದು ನಿಮಗೆ ನೆನಪಿರಬಹುದು. ಇಲ್ಲಿಯೂ ಹಾಗೆಯೇ. “ಏನು ಹಚ್ಚಬೇಕು?” ಎಂಬುದು ಎರಡನೆಯ ಪ್ರಶ್ನೆ. “ಏಕೆ ಕೆರೆದುಕೊಳ್ಳುತ್ತಿದೆ?” ಎಂಬುದೇ ಮೊದಲನೆಯದು. ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಕೈಹಾಕುವುದರಿಂದಲೇ ನಮ್ಮ ಮನೆಗಳಲ್ಲಿ ಬೆಕ್ಕುಗಳು ವೃಥಾ ನರಳುತ್ತವೆ, ಕೆಲವೊಮ್ಮೆ ಸಾಯುತ್ತವೆ.

ಬೆಕ್ಕಿನ ನಾಲಿಗೆಯನ್ನು ಬಲ್ಲವರಿಗೆ ಈ ಗಾಯದ ಬಗೆ ತಿಳಿಯುವುದು ಸುಲಭ. ಅದರ ಮೇಲೆ ಗಂಟಲ ಕಡೆಗೆ ಬಾಗಿದ ನೂರಾರು ಗಟ್ಟಿ ಮುಳ್ಳುಗಳಿವೆ. ನಮ್ಮ ಉಗುರು ಯಾವ ವಸ್ತುವಿನಿಂದ ಆಗಿದೆಯೋ ಈ ಮುಳ್ಳುಗಳೂ ಅದರಿಂದಲೇ ಆಗಿವೆ. ಈ ಮುಳ್ಳುಗಳ ತುದಿಯಲ್ಲಿ ಚಮಚದಂತಹ ಟೊಳ್ಳಿದ್ದು, ಅದು ಜೊಲ್ಲನ್ನು ತುಪ್ಪಳದ ಬುಡದವರೆಗೆ ಸಾಗಿಸುತ್ತದೆಂದು ಅಮೆರಿಕದ ಜಾರ್ಜಿಯಾ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು 2018ರಲ್ಲಿ ತೋರಿಸಿಕೊಟ್ಟರು. ಮೈಯನ್ನು ಶುಚಿಯಾಗಿಡಲು ಪ್ರಕೃತಿ ಕೊಟ್ಟ ಅದ್ಭುತವಾದ ಬಾಚಣಿಗೆ ಅದು. ಆದರೆ ತುರಿಕೆ ಹತ್ತಿದ ಬೆಕ್ಕಿನ ಬಾಯಲ್ಲಿ ಅದೇ ಬಾಚಣಿಗೆ ಅರವಾಗುತ್ತದೆ. ಮೊದಲು ಕೂದಲು ಹೋಗುತ್ತದೆ, ಆಮೇಲೆ ಚರ್ಮದ ಮೇಲ್ಪದರ ಹೋಗುತ್ತದೆ, ಕೊನೆಗೆ ಕೆಂಪನೆಯ ಹಸಿಗಾಯ ಉಳಿಯುತ್ತದೆ. ಅದರ ಮೇಲೆ ಬಾಯಿಯ ಹಾಗೂ ಉಗುರಿನ ಸೂಕ್ಷ್ಮಜೀವಿಗಳು ನೆಲೆಯೂರುತ್ತವೆ, ಅವುಗಳಿಂದ ಮತ್ತಷ್ಟು ತುರಿಕೆ. “ಬೆಕ್ಕು ನೆಕ್ಕಿಕೊಂಡೇ ವಾಸಿಮಾಡಿಕೊಳ್ಳುತ್ತದೆ” ಎಂಬ ಮಾತು ಸಣ್ಣ ಗೀರುಗಳ ಮಟ್ಟಿಗೆ ಇರಬಹುದು. ನೆಕ್ಕುವಿಕೆಯಿಂದಲೇ ಹುಟ್ಟಿದ ಗಾಯಕ್ಕೆ ಅದು ಸಲ್ಲದು.

ಹಾಗಾದರೆ ತುರಿಕೆ ಎಲ್ಲಿಂದ ಬಂತು? ಹೆಚ್ಚಿನ ಸಂದರ್ಭಗಳಲ್ಲಿ ಚಿಗಟದಿಂದ. ಇದನ್ನು ಹೇಳಿದಾಗ ಮನೆಯವರು ಮುಖ ಗಂಟಿಕ್ಕುತ್ತಾರೆ. “ನಮ್ಮ ಮನೆಯಲ್ಲಿ ಚಿಗಟವೇ? ನಾವು ಕಂಡೇ ಇಲ್ಲವಲ್ಲ!” ಕಾಣದಿರುವುದು ಸಹಜ. ಶ್ರದ್ಧೆಯಿಂದ ಮೈ ನೆಕ್ಕುವ ಬೆಕ್ಕು ತನ್ನ ಮೇಲಿನ ಚಿಗಟಗಳನ್ನು ತಾನೇ ನುಂಗಿಬಿಡುತ್ತದೆ. ಚಿಗಟದ ಜೊಲ್ಲು ಒಗ್ಗದ ಬೆಕ್ಕಿಗಾದರೋ ನೂರು ಚಿಗಟಗಳು ಬೇಕಾಗಿಲ್ಲ, ಒಂದೆರಡು ಕಚ್ಚಿದರೂ ಸಾಕು, ಮೈಯೆಲ್ಲ ಉರಿಯುತ್ತದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯನ್ನು ಇಲ್ಲಿ ತಿರುವಿ ಹೇಳಬೇಕು: ಚಿಗಟಕ್ಕೆ ಊಟ, ಬೆಕ್ಕಿಗೆ ಪ್ರಾಣಸಂಕಟ.

ಅನುಮಾನವಿದ್ದವರು ಒಂದು ಸರಳ ಪರೀಕ್ಷೆ ಮಾಡಬಹುದು. ಬೆಕ್ಕನ್ನು ಬಿಳಿಯ ಕಾಗದದ ಮೇಲೆ ನಿಲ್ಲಿಸಿ, ಹೇನು ಬಾಚುವ ಒತ್ತು ಹಲ್ಲಿನ ಬಾಚಣಿಗೆಯಿಂದ ಬೆನ್ನಿನ ಹಿಂಭಾಗವನ್ನೂ ಬಾಲದ ಬುಡವನ್ನೂ ಬಾಚಿರಿ. ಉದುರಿದ ಕಪ್ಪು ಕಣಗಳ ಮೇಲೆ ಎರಡು ಹನಿ ನೀರು ಹಾಕಿರಿ. ಬರಿಯ ಮಣ್ಣಾದರೆ ಮಣ್ಣಿನ ಬಣ್ಣವೇ ಉಳಿಯುತ್ತದೆ. ತುಕ್ಕಿನಂತಹ ಕೆಂಪು ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ನಿಮ್ಮ ಬೆಕ್ಕಿನದೇ ಜೀರ್ಣವಾದ ರಕ್ತ. ಏನೂ ಸಿಗಲಿಲ್ಲವೆಂದ ಮಾತ್ರಕ್ಕೆ ಚಿಗಟವಿಲ್ಲವೆಂದು ತೀರ್ಮಾನಿಸಬಾರದು. ಆ ಕಣಗಳನ್ನೂ ಬೆಕ್ಕು ನೆಕ್ಕಿ ತೆಗೆದಿರಬಹುದು.

ಇತರ ಕಾರಣಗಳೂ ಇವೆ. ಕಿವಿಯೊಳಗೆ ಕಾಫಿಪುಡಿಯಂತಹ ಕಪ್ಪು ಗುಗ್ಗೆ ತುಂಬಿ, ಬೆಕ್ಕು ತಲೆ ಕೊಡವುತ್ತಾ ಕಿವಿಯ ಹಿಂದೆ ರಕ್ತ ಬರುವಂತೆ ಕೆರೆದುಕೊಳ್ಳುತ್ತಿದ್ದರೆ ಕಿವಿಯ ನುಸಿಯನ್ನು ಶಂಕಿಸಬೇಕು. ಕಿವಿಯಂಚಿನಿಂದ ಆರಂಭವಾಗಿ ಮುಖ, ಕುತ್ತಿಗೆಗಳಿಗೆ ದಪ್ಪನೆಯ ಹಕ್ಕಳೆ ಹರಡಿದರೆ ಕಜ್ಜಿಯನ್ನು ಶಂಕಿಸಬೇಕು. ಕೂದಲು ಮುರಿದು ದುಂಡನೆಯ ಬೋಳು ತೇಪೆಗಳಾದರೆ ಹುಳುಕಡ್ಡಿ ಇರಬಹುದು. ಮುಖವನ್ನೂ ಕುತ್ತಿಗೆಯನ್ನೂ ವರ್ಷವಿಡೀ ಪರಚಿಕೊಳ್ಳುವ ಬೆಕ್ಕಿಗೆ ಆಹಾರದಲ್ಲಿ ಏನೋ ಒಗ್ಗದಿರಬಹುದು. ಹೀಗೆ ಒಗ್ಗದ ಆಹಾರಗಳಲ್ಲಿ ದನದ ಮಾಂಸ, ಮೀನು, ಕೋಳಿ ಇವೇ ಮುಂದಿವೆ. ಬೆಕ್ಕಿಗೆ ಮೀನು ಒಗ್ಗದೇ ಎಂದು ನಗಬೇಡಿ. ತಲೆತಲಾಂತರದಿಂದ ತಿಂದದ್ದು ಬೇರೆ, ಒಂದು ಜೀವದ ದೇಹ ಅದನ್ನು ಹಗೆಯೆಂದು ತಿಳಿಯುವುದು ಬೇರೆ. ಇನ್ನು ಜಗಳವಾಡಿ ಬಂದ ಬೆಕ್ಕಿನ ಮೈಮೇಲೆ ಒಂದೇ ಕಡೆ ಬಿಸಿಯಾದ, ಮುಟ್ಟಿದರೆ ನೋಯುವ ಬಾವು ಕಂಡರೆ, ಇನ್ನೊಂದು ಬೆಕ್ಕಿನ ಕೋರೆಹಲ್ಲು ಒಳಗಿಳಿದು, ಮೇಲಿನ ಚರ್ಮ ಮುಚ್ಚಿಕೊಂಡು, ಒಳಗೆ ಕೀವುಗಟ್ಟಿರುವ ಸಂಭವ ಹೆಚ್ಚು. ಇವೆಲ್ಲ ಸೂಚನೆಗಳಷ್ಟೇ. ಒಂದರ ಲಕ್ಷಣ ಇನ್ನೊಂದರಲ್ಲಿ ಕಾಣಿಸುವುದುಂಟು. ಆದಕಾರಣ ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಡಿ ನೋಡುವ ವೈದ್ಯರ ಕೆಲಸವನ್ನು ನಾವು ಕಣ್ಣಳತೆಯಿಂದ ಮಾಡಲಾರೆವು.

ಈಗ ನಮ್ಮ ಮನೆಮದ್ದಿನ ಡಬ್ಬಿಗೆ ಬರೋಣ. ಅಜ್ಜಿಯರ ಔಷಧಜ್ಞಾನವನ್ನು ನಾನು ಹಗುರವಾಗಿ ಕಾಣುವವನಲ್ಲ. ಅರಿಸಿನವೂ ಕೊಬ್ಬರಿ ಎಣ್ಣೆಯೂ ಮನುಷ್ಯನಿಗೆ ಎಷ್ಟೋ ಉಪಕಾರ ಮಾಡಿವೆ. ಆದರೆ ಆ ಜ್ಞಾನ ಮನುಷ್ಯರಿಗೂ ದನಕರುಗಳಿಗೂ ಸಂಬಂಧಿಸಿದ್ದು. ಬೆಕ್ಕು ಚಿಕ್ಕ ಮನುಷ್ಯನಲ್ಲ, ಚಿಕ್ಕ ನಾಯಿಯೂ ಅಲ್ಲ. ಎರಡು ವಿಷಯಗಳಲ್ಲಿ ಅದರ ದಾರಿಯೇ ಬೇರೆ. ಮೊದಲನೆಯದು, ಬೆಕ್ಕಿನ ಚರ್ಮಕ್ಕೆ ಹಚ್ಚಿದ್ದೆಲ್ಲ ಸ್ವಲ್ಪ ಹೊತ್ತಿನಲ್ಲಿ ಅದರ ಹೊಟ್ಟೆಗೆ ಸೇರುತ್ತದೆ. “ಹೊರಗೆ ಹಚ್ಚುವುದಕ್ಕೆ ಮಾತ್ರ” ಎಂಬ ಔಷಧ ಬೆಕ್ಕಿನ ಪಾಲಿಗೆ ಇಲ್ಲವೇ ಇಲ್ಲ. ಎರಡನೆಯದು, ಹಲವು ವಿಷಪದಾರ್ಥಗಳನ್ನು ಕರಗಿಸಿ ಹೊರಹಾಕಲು ನಮ್ಮ ಯಕೃತ್ತಿನಲ್ಲಿರುವ ಒಂದು ಕಿಣ್ವ ಬೆಕ್ಕಿನಲ್ಲಿ ಕೆಲಸ ಮಾಡುವುದಿಲ್ಲ. ಆ ಕಿಣ್ವವನ್ನು ತಯಾರಿಸಬೇಕಾದ ವಂಶವಾಹಿಯೇ ಬೆಕ್ಕಿನಲ್ಲಿ ಕೆಟ್ಟುಹೋಗಿದೆಯೆಂಬುದು 2000ದಲ್ಲಿ ಪ್ರಕಟವಾದ ಸಂಶೋಧನೆಯಿಂದ ಸ್ಪಷ್ಟವಾಯಿತು. ಮಾಂಸವನ್ನೇ ತಿಂದು ಬಾಳುವ ಪ್ರಾಣಿಗೆ ಗಿಡಮೂಲಿಕೆಗಳ ವಿಷವನ್ನು ಅರಗಿಸುವ ಅಗತ್ಯ ಬೀಳದೆ ಆ ಶಕ್ತಿ ಕಳೆದುಹೋಗಿರಬೇಕೆಂದು ಊಹಿಸುತ್ತಾರೆ.

ಇದರ ಫಲವನ್ನು ಸರಳವಾಗಿ ಹೇಳುತ್ತೇನೆ. ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುವ, ಆಸ್ಪತ್ರೆಯ ವಾಸನೆಯ ಗಾಯ ತೊಳೆಯುವ ದ್ರಾವಣ ಬೆಕ್ಕಿಗೆ ವಿಷ. ನೆಲ ಒರೆಸುವ ಫಿನಾಯಿಲ್ ವಿಷ. ಕರ್ಪೂರ ಬೆರೆಸಿದ ಎಣ್ಣೆ, ನೀಲಗಿರಿ ಎಣ್ಣೆ, ನೋವಿಗೆ ಹಚ್ಚುವ ಘಾಟು ಮುಲಾಮುಗಳು ಇವೆಲ್ಲ ವಿಷ. ಹಳ್ಳಿಗಳಲ್ಲಿ ಹೇನು ಉಣ್ಣೆಗಳಿಗೆಂದು ಹಚ್ಚುವ ಸೀಮೆಎಣ್ಣೆ, ಹೊಗೆಸೊಪ್ಪಿನ ನೀರು, ಹೊಲಕ್ಕೆ ಸಿಂಪಡಿಸುವ ಔಷಧ ಇವುಗಳ ಬಗ್ಗೆ ಹೇಳಬೇಕಾಗಿಯೇ ಇಲ್ಲ. ಹುಳುಬಿದ್ದ ಗಾಯಕ್ಕೆ ದನಗಳಿಗೆ ಹಾಕುವಂತೆ ಟರ್ಪೆಂಟೈನ್ ಸುರಿಯುವವರನ್ನು ಕಂಡಿದ್ದೇನೆ. ಬೆಕ್ಕಿಗೆ ಅದು ಉರಿಯೂ ಹೌದು, ನೆಕ್ಕಿದರೆ ವಿಷವೂ ಹೌದು. ಅರಿಸಿನ, ಕೊಬ್ಬರಿ ಎಣ್ಣೆ ಇಷ್ಟು ಕ್ರೂರವಲ್ಲ. ಆದರೆ ಎಣ್ಣೆ ಹಚ್ಚಿದ ಜಾಗವನ್ನು ಬೆಕ್ಕು ಇನ್ನಷ್ಟು ನೆಕ್ಕುತ್ತದೆ, ಅರಿಸಿನದ ಬಣ್ಣದಡಿ ಗಾಯದ ನಿಜಸ್ಥಿತಿ ವೈದ್ಯರಿಗೆ ಕಾಣದಂತಾಗುತ್ತದೆ.

ಔಷಧದಂಗಡಿಯಿಂದ ತಂದ ನಮ್ಮ ಮುಲಾಮುಗಳೂ ಕ್ಷೇಮವಲ್ಲ. ತುರಿಕೆಗೆಂದು ಮಾರುವ ಹಲವು ಮುಲಾಮುಗಳಲ್ಲಿ ತೀಕ್ಷ್ಣವಾದ ಸ್ಟೀರಾಯ್ಡ್ ಇರುತ್ತದೆ. ಗಾಯ ಹುಳುಕಡ್ಡಿಯದಾಗಿದ್ದರೆ ಅದು ಬೆಂಕಿಗೆ ತುಪ್ಪ ಸುರಿದಂತೆ. ನೋವಿಗೆಂದು ಪ್ಯಾರಾಸಿಟಮಾಲ್ ಕೊಡುವುದಂತೂ ಬೆಕ್ಕಿಗೆ ಮರಣಶಾಸನ. 500 ಮಿಲಿಗ್ರಾಂನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲುದು. ರಕ್ತವು ಪ್ರಾಣವಾಯುವನ್ನು ಹೊರುವ ಶಕ್ತಿಯನ್ನು ಕಳೆದುಕೊಂಡು ಒಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ ಊದಿಕೊಳ್ಳುತ್ತದೆ.

ಇನ್ನೊಂದು ಅಪಾಯವನ್ನು ಪ್ರತ್ಯೇಕವಾಗಿ ಹೇಳಲೇಬೇಕು. ನಾಯಿಗಳ ಕುತ್ತಿಗೆಗೆ ಹಾಕುವ ಕೆಲವು ಚಿಗಟನಾಶಕ ಹನಿಗಳಲ್ಲಿ ಪರ್ಮೆಥ್ರಿನ್ ಎಂಬ ರಾಸಾಯನಿಕವಿರುತ್ತದೆ. ನಾಯಿ ಅದನ್ನು ತಾಳಿಕೊಳ್ಳುತ್ತದೆ, ಬೆಕ್ಕು ತಾಳಲಾರದು. ನನ್ನ ಪರಿಚಯದ ಒಂದು ಮನೆಯಲ್ಲಿ ನಾಯಿಗೆ ಹಾಕಿ ಉಳಿದಿದ್ದ ಹನಿಯನ್ನು, ವ್ಯರ್ಥವಾಗದಿರಲೆಂದು, ಕೆರೆದುಕೊಳ್ಳುತ್ತಿದ್ದ ಬೆಕ್ಕಿಗೆ ಹಾಕಿದರು. ಸಂಜೆಯ ಹೊತ್ತಿಗೆ ಅದರ ಕಿವಿ, ಕಾಲುಗಳು ಅದುರತೊಡಗಿದವು, ಮರುದಿನ ಬೆಳಗಿಗೆ ಬೆಕ್ಕು ಇರಲಿಲ್ಲ. ಆ ಮನೆಯ ಹುಡುಗಿ ಅನ್ನ ಬಿಟ್ಟು ಅತ್ತಳು. ಅವರಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ಪೊಟ್ಟಣದ ಮೇಲಿನ ಸಣ್ಣಕ್ಷರವನ್ನು ಯಾರೂ ಓದಿರಲಿಲ್ಲ. ಇಂತಹದು ಎಲ್ಲಿಯಾದರೂ ಸಂಭವಿಸಿದರೆ ಉಗುರುಬೆಚ್ಚಗಿನ ನೀರಿನಲ್ಲಿ ಪಾತ್ರೆ ತೊಳೆಯುವ ಸೌಮ್ಯ ದ್ರವ ಹಾಕಿ ಕೂಡಲೇ ಮೈ ತೊಳೆದು, ತಡಮಾಡದೆ ವೈದ್ಯರಲ್ಲಿಗೆ ಓಡಬೇಕು.

ಹಾಗಾದರೆ ವೈದ್ಯರಲ್ಲಿಗೆ ಹೋಗುವವರೆಗೆ ಕೈಕಟ್ಟಿ ಕೂರಬೇಕೇ? ಇಲ್ಲ. ಮಾಡಬಹುದಾದ ಕೆಲಸ ಸಾಕಷ್ಟಿದೆ, ಅದು ಸರಳವೂ ಆಗಿದೆ. ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ 9 ಗ್ರಾಂ, ಅಂದರೆ ಸುಮಾರು ಒಂದೂವರೆ ಸಪಾಟು ಚಹಾ ಚಮಚದಷ್ಟು ಉಪ್ಪು ಹಾಕಿ, ಶುಭ್ರವಾದ ಬಟ್ಟೆಯಿಂದ ಗಾಯವನ್ನು ಮೆಲ್ಲನೆ ತೊಳೆಯಿರಿ. ಗಾಯದ ಸುತ್ತಲಿನ ಕೂದಲನ್ನು ಕತ್ತರಿಯಿಂದ ಕತ್ತರಿಸಲು ಹೋಗಬೇಡಿ. ಬೆಕ್ಕಿನ ಚರ್ಮ ತೆಳು, ಕೂದಲಿನೊಡನೆ ಅದೂ ಕತ್ತರಿಗೆ ಸಿಗುತ್ತದೆ. ಹಿಂಗಾಲಿನ ಉಗುರುಗಳ ಚೂಪು ತುದಿಯನ್ನು ಮಾತ್ರ, ಒಳಗಿನ ಗುಲಾಬಿ ಬಣ್ಣದ ಭಾಗಕ್ಕೆ ತಾಗದಂತೆ, ಕತ್ತರಿಸಿರಿ. ಬಿಗಿಯಾದ ಪಟ್ಟಿ ಕಟ್ಟಬೇಡಿ.

ಎಲ್ಲಕ್ಕಿಂತ ಮುಖ್ಯವಾಗಿ, ಬಾಯಿ ಗಾಯಕ್ಕೆ ತಲುಪದಂತೆ ಕುತ್ತಿಗೆಗೆ ಶಂಕುವಿನಾಕಾರದ ಕೊರಳಪಟ್ಟಿ ಹಾಕಿರಿ. 16ನೆಯ ಶತಮಾನದಲ್ಲಿ ಇಂಗ್ಲೆಂಡನ್ನಾಳಿದ ಮೊದಲನೆಯ ಎಲಿಜಬೆತ್ ರಾಣಿಯ ಕಾಲದವರು ಧರಿಸುತ್ತಿದ್ದ ಅಗಲವಾದ ನೆರಿಗೆಯ ಕೊರಳುಡುಗೆಯಿಂದ ಇದಕ್ಕೆ ಎಲಿಜಬೆತ್ ಪಟ್ಟಿಯೆಂದೇ ಹೆಸರು. ಅಂಗಡಿಯಲ್ಲಿ ಸಿಗದಿದ್ದರೆ ಹಳೆಯ ಎಕ್ಸ್‌ರೇ ಹಾಳೆಯನ್ನು ಶಂಕುವಾಗಿ ಸುತ್ತಿ, ಅಂಚಿಗೆ ಬಟ್ಟೆ ಹೊಲಿದು ಮಾಡಿಕೊಳ್ಳಬಹುದು. ಅದು ಮೂಗಿನ ತುದಿಯಿಂದ ಸ್ವಲ್ಪ ಮುಂದಕ್ಕೆ ಬರಬೇಕು, ಕುತ್ತಿಗೆಯ ಬಳಿ ಎರಡು ಬೆರಳು ಆಡುವಷ್ಟು ಸಡಿಲವಿರಬೇಕು. ಬೆಕ್ಕಿಗೆ ಗಂಟೆ ಕಟ್ಟುವವರಾರು ಎಂಬ ಗಾದೆಯ ನಿಜವಾದ ಅರ್ಥ ಆ ದಿನ ನಿಮಗೆ ತಿಳಿಯುತ್ತದೆ! ಮೊದಲ ದಿನ ಅದು ಹಿಂದಕ್ಕೆ ಹಿಂದಕ್ಕೆ ನಡೆಯುತ್ತದೆ, ಗೋಡೆಗೆ ಬಡಿದುಕೊಳ್ಳುತ್ತದೆ, ನಿಮ್ಮನ್ನು ದೂರುವ ಕಣ್ಣಿನಿಂದ ನೋಡುತ್ತದೆ. ಕರಗಿ ಬಿಚ್ಚಿಬಿಡಬೇಡಿ. ಗಂಟೆಗಟ್ಟಲೆ ಕಾಪಾಡಿದ ಗಾಯವನ್ನು ಐದು ನಿಮಿಷದಲ್ಲಿ ನೆಕ್ಕಿ ಮತ್ತೆ ಹಸಿಯಾಗಿಸುವ ಶಕ್ತಿ ಆ ನಾಲಿಗೆಗಿದೆ. ಆದರೆ ಪಟ್ಟಿಯಿದ್ದರೂ ತಿನ್ನಲು ಕುಡಿಯಲು ಆಗುತ್ತಿದೆಯೇ ಎಂದು ನೋಡಿಕೊಳ್ಳಿ. ಕೆಲವು ದಿನ ಉಪವಾಸ ಬಿದ್ದ ಬೆಕ್ಕಿನ, ಅದರಲ್ಲೂ ದಪ್ಪನೆಯ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಸಂಚಕಾರ ಬರುತ್ತದೆ. ಒಂದು ದಿನ ಪೂರ್ತಿ ತಿನ್ನದಿದ್ದರೆ, ಗಾಯದಿಂದ ದುರ್ವಾಸನೆಯೋ ಕೀವೋ ಬಂದರೆ, ಹುಳು ಕಂಡರೆ ಅಂದೇ ವೈದ್ಯರಲ್ಲಿಗೆ ಒಯ್ಯಬೇಕು.

ಚಿಗಟವೇ ಕಾರಣವೆಂದು ತಿಳಿದಾಗಲೂ ಬೆಕ್ಕಿನ ಮೈಗೆ ಔಷಧ ಹಾಕಿದರೆ ಅರ್ಧ ಕೆಲಸವಷ್ಟೇ ಆಯಿತು. ಮೈಮೇಲಿರುವುದು ಬೆಳೆದ ಚಿಗಟ ಮಾತ್ರ. ಹೆಣ್ಣು ಚಿಗಟವೊಂದು ದಿನಕ್ಕೆ 40ರವರೆಗೂ ಮೊಟ್ಟೆಯಿಡಬಲ್ಲುದು. ಅವು ಬೆಕ್ಕು ಮಲಗುವ ಕಡೆ, ಸೋಫಾದ ಸಂದಿ, ಚಾಪೆಯಡಿ ಉದುರಿ, ಅಲ್ಲಿಯೇ ಮರಿಹುಳುಗಳಾಗಿ, ಗೂಡು ಕಟ್ಟಿ, ತಿಂಗಳುಗಟ್ಟಲೆ ಕಾದಿರುತ್ತವೆ. ನೆಲದ ಅದುರು, ಮೈಯ ಬಿಸಿ, ಉಸಿರು ತಾಗಿದೊಡನೆ ಹೊರಬರುತ್ತವೆ. ಬೇಸಿಗೆಯಲ್ಲಿ ಬೀಗ ಹಾಕಿದ್ದ ಮನೆಯೊಳಗೆ ಕಾಲಿಟ್ಟೊಡನೆ ಮೊಣಕಾಲವರೆಗೆ ಚಿಗಟ ಮುತ್ತುವುದು ಇದರಿಂದಲೇ. ಆದ್ದರಿಂದ ಬೆಕ್ಕಿನ ಹಾಸಿಗೆಯನ್ನು ವಾರವಾರವೂ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು, ಮೂಲೆ ಮೂಲೆ ಗುಡಿಸಬೇಕು. ಮನೆಯಲ್ಲಿರುವ ಎಲ್ಲ ಬೆಕ್ಕು ನಾಯಿಗಳಿಗೂ, ಆಯಾ ಪ್ರಾಣಿಗೆಂದೇ ತಯಾರಾದ ಫಿಪ್ರೊನಿಲ್, ಸೆಲಮೆಕ್ಟಿನ್‌ನಂತಹ ಔಷಧವನ್ನು ವೈದ್ಯರು ಹೇಳಿದ ತೂಕಕ್ಕನುಸಾರ ಕನಿಷ್ಠ ಮೂರು ತಿಂಗಳು ಬಿಡದೆ ಹಾಕಬೇಕು. ಒಂದು ತಿಂಗಳು ಹಾಕಿ “ಔಷಧ ಕೆಲಸ ಮಾಡಲಿಲ್ಲ” ಎನ್ನುವವರು ಗೂಡಿನೊಳಗೆ ಕಾದಿರುವ ಸೈನ್ಯವನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ಇತ್ತೀಚೆಗೆ ಇನ್ನೊಂದು ಮಾತು ಕಿವಿಗೆ ಬೀಳುತ್ತಿದೆ: “ಬೆಕ್ಕಿಗೆ ಮನಸ್ಸಿನ ಬೇಸರ, ಅದಕ್ಕೇ ಮೈ ನೆಕ್ಕಿಕೊಳ್ಳುತ್ತಿದೆ.” ಬೆಕ್ಕಿಗೆ ಮನಸ್ಸಿದೆಯೆಂದು ಒಪ್ಪುವುದು ಒಳ್ಳೆಯದೇ. ಆದರೆ ಈ ತೀರ್ಮಾನ ಎಲ್ಲಕ್ಕೂ ಕೊನೆಯಲ್ಲಿ ಬರಬೇಕು. 2006ರಲ್ಲಿ ಅಮೆರಿಕದ ಪಶುವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಮನೋವ್ಯಥೆಯಿಂದಲೇ ಕೂದಲು ಕಿತ್ತುಕೊಳ್ಳುತ್ತಿವೆಯೆಂದು ಭಾವಿಸಲಾಗಿದ್ದ 21 ಬೆಕ್ಕುಗಳನ್ನು ಕೂಲಂಕಷವಾಗಿ ಪರೀಕ್ಷಿಸಿದಾಗ 16ರಲ್ಲಿ ದೈಹಿಕ ಕಾರಣವೇ ಸಿಕ್ಕಿತು. 3ರಲ್ಲಿ ಎರಡೂ ಬೆರೆತಿದ್ದವು. ಬರಿಯ ಮನಸ್ಸಿನ ಕಾರಣ ಉಳಿದದ್ದು 2 ಬೆಕ್ಕುಗಳಲ್ಲಿ ಮಾತ್ರ. ನಮಗೆ ಕಾರಣ ಕಾಣದಿದ್ದಾಗ ರೋಗಿಯ ಮನಸ್ಸಿನ ಮೇಲೆ ಹೊರಿಸುವ ಅಭ್ಯಾಸ ಮನುಷ್ಯರ ವಿಷಯದಲ್ಲಿಯೂ ಉಂಟು. ಮಾತಾಡಬಲ್ಲ ಮನುಷ್ಯ ಪ್ರತಿಭಟಿಸಿಯಾನು, ಬೆಕ್ಕು ಏನು ಮಾಡೀತು?

ನನ್ನ ವಯಸ್ಸಿನವರು ಕೇಳುವ ಪ್ರಶ್ನೆಯೊಂದಿದೆ. “ನಮ್ಮ ಕಾಲದಲ್ಲಿ ಯಾವ ಬೆಕ್ಕನ್ನು ಯಾರು ವೈದ್ಯರಲ್ಲಿಗೆ ಒಯ್ದರು? ಅವು ಬದುಕಲಿಲ್ಲವೇ?” ಬದುಕಿದವು ನಮ್ಮ ಕಣ್ಣಮುಂದೆ ಇದ್ದವು. ಬದುಕದವು ಹುಲ್ಲಿನ ಬಣವೆಯ ಹಿಂದೆ ಸತ್ತವು, ನಾವು “ಎಲ್ಲಿಗೋ ಹೋಯಿತು” ಎಂದೆವು. ಆ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ಮೇಲಾಗಿ ಅಂದಿನ ಬೆಕ್ಕು ಅಟ್ಟದ ಇಲಿ ಹಿಡಿಯುವ ಆಳಾಗಿತ್ತು. ಇಂದು ನೀವು ಅದನ್ನು ಮೂರನೆಯ ಮಹಡಿಯ ಮನೆಯಲ್ಲಿ ಬಾಗಿಲು ಮುಚ್ಚಿ ಸಾಕುತ್ತೀರಿ, ಮಗುವೆನ್ನುತ್ತೀರಿ. ಮಗುವೆಂದ ಮೇಲೆ ಮಗುವಿನ ಹೊಣೆಯೂ ಬಂತು.

ಖರ್ಚಿನ ಮಾತೂ ನಿಜ. ಆದರೆ ನಾಲ್ಕು ಮುಲಾಮು, ಎರಡು ಎಣ್ಣೆ, ಮೂರು ಪುಡಿಗಳಿಗೆ ಸುರಿದ ಹಣವನ್ನೂ ಗಾಯ ದೊಡ್ಡದಾದ ಮೇಲಿನ ಚಿಕಿತ್ಸೆಯ ಹಣವನ್ನೂ ಕೂಡಿಸಿ ನೋಡಿ. ಮೊದಲ ವಾರವೇ ಮಾಡಿಸಿದ ಪರೀಕ್ಷೆ ಅಗ್ಗವಾಗಿರುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜಿದೆ. ಬೀದರ್, ಹಾಸನ, ಶಿವಮೊಗ್ಗಗಳಲ್ಲಿಯೂ ಅಂತಹ ಕಾಲೇಜುಗಳಿವೆ, ತಾಲೂಕು ಕೇಂದ್ರಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ. ಹೋದಾಗ ಸುಮ್ಮನೆ ಸೂಜಿ ಹಾಕಿಸಿಕೊಂಡು ಬರಬೇಡಿ. “ಕಾರಣವೇನು? ಈ ಸೂಜಿ ಕಾರಣಕ್ಕೋ ತುರಿಕೆಗೋ?” ಎಂದು ವಿನಯದಿಂದ ಕೇಳಿ. ಸ್ಟೀರಾಯ್ಡ್ ಸೂಜಿ ತುರಿಕೆಯನ್ನು ತಕ್ಷಣ ತಣಿಸುತ್ತದೆ, ಬೇಕಾದಾಗ ಅದು ವರವೇ. ಆದರೆ ಕಾರಣವನ್ನು ಹುಡುಕದೆ ತಿಂಗಳು ತಿಂಗಳೂ ಅದನ್ನೇ ಚುಚ್ಚಿಸುತ್ತಿದ್ದರೆ ಬೆಕ್ಕಿಗೆ ಸಕ್ಕರೆ ಕಾಯಿಲೆ ಬರಬಹುದು. ಆಹಾರದ ಪರೀಕ್ಷೆ ಹೇಳಿದರೆ ಎಂಟು ವಾರ ಪೂರ್ತಿ ಪಾಲಿಸಿ. ನಡುವೆ ಅತ್ತೆಯವರು ಕೊಟ್ಟ ಒಂದು ತುಂಡು ಮೀನು ಅಷ್ಟೂ ದಿನಗಳ ಶ್ರಮವನ್ನು ನೀರುಪಾಲು ಮಾಡುತ್ತದೆ.

ಕೊನೆಯದಾಗಿ ನಿಮ್ಮ ಕ್ಷೇಮದ ಮಾತು. ಹುಳುಕಡ್ಡಿಯೂ ಕಜ್ಜಿಯೂ ಮನೆಯ ಮಕ್ಕಳಿಗೆ ಅಂಟಬಲ್ಲವು. ಚಿಗಟದ ಹಿಕ್ಕೆ ಬೆಕ್ಕಿನ ಉಗುರಿಗೆ ಹತ್ತಿ, ಪರಚಿದಾಗ ನಮ್ಮೊಳಗೆ ಸೇರಿ ಜ್ವರವನ್ನೂ ಗಂಟುಗಳ ಬಾವನ್ನೂ ತರಬಲ್ಲುದು. ನೋವಿನಲ್ಲಿರುವ ಬೆಕ್ಕು ಸಾಕಿದವರನ್ನೂ ಕಚ್ಚುತ್ತದೆ, ಅದರ ತಪ್ಪಿಲ್ಲ. ದಪ್ಪ ಟವೆಲಿನಲ್ಲಿ ಸುತ್ತಿ ಹಿಡಿಯಿರಿ. ಕಚ್ಚಿದರೆ, ರಕ್ತ ಬರುವಂತೆ ಪರಚಿದರೆ, ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ರೇಬಿಸ್ ನಾಯಿಯಿಂದ ಮಾತ್ರ ಬರುತ್ತದೆಂಬುದು ತಪ್ಪು ತಿಳಿವಳಿಕೆ. ಬೆಕ್ಕಿಗೂ ಅದರ ಲಸಿಕೆ ಹಾಕಿಸಲೇಬೇಕು.

ಕರುಣೆ ದೊಡ್ಡ ಗುಣ, ಸಂದೇಹವಿಲ್ಲ. ಆದರೆ ಅರಿವಿಲ್ಲದ ಕರುಣೆ ಅವಸರದ್ದು. ಏನಾದರೂ ಮಾಡಿದೆನೆಂಬ ಸಮಾಧಾನ ಅದಕ್ಕೆ ಬೇಕು, ಹಾಗಾಗಿ ಕೈಗೆ ಸಿಕ್ಕ ಡಬ್ಬಿಯನ್ನು ತೆರೆಯುತ್ತದೆ. ಅರಿವುಳ್ಳ ಕರುಣೆ ಮೊದಲು ನೋಡುತ್ತದೆ, ಕೇಳುತ್ತದೆ, ಆಮೇಲೆ ಮುಟ್ಟುತ್ತದೆ. ಬಾಯಿಲ್ಲದ ಜೀವಿಯನ್ನು ಮನೆಗೆ ತಂದುಕೊಂಡವರು ಅದರ ಪರವಾಗಿ “ಏಕೆ?” ಎಂದು ಕೇಳುವ ಕೆಲಸವನ್ನೂ ವಹಿಸಿಕೊಂಡಿದ್ದಾರೆಂದು ನಾನು ತಿಳಿಯುತ್ತೇನೆ.

ನಿಮ್ಮಲ್ಲಿ ಪಶುವೈದ್ಯರಾಗಿರುವವರೂ ಇದ್ದೀರಿ. ನಾನು ಬರೆದುದರಲ್ಲಿ ತಿದ್ದಬೇಕಾದ್ದಿದ್ದರೆ ಸಂಕೋಚವಿಲ್ಲದೆ ತಿದ್ದಿ ಬರೆಯಿರಿ. ಶಿಷ್ಯರಿಂದ ತಿದ್ದಿಸಿಕೊಳ್ಳುವುದು ಮೇಷ್ಟ್ರಿಗೆ ಸಂತೋಷದ ವಿಷಯವೇ. ಎಲ್ಲರಿಗೂ, ನಿಮ್ಮ ಮನೆಯ ಬೆಕ್ಕುಗಳಿಗೂ ಶುಭವಾಗಲಿ.